ಹದಿನಾಲ್ಕನೆಯ ಸಾಲು

ತಾಂಪೆರೆಯಲ್ಲಿ ನವೆಂಬರಿನ ಮೂರೂವರೆಗೇ
ಕತ್ತಲು ಕಂಬಳಿ ಹೊದ್ದು ಕೂತುಬಿಡುತ್ತದೆ.
ಹಳೆಯ ಹತ್ತಿ ಗಿರಣಿಯ ನಾಲ್ಕನೇ ಮಹಡಿ,
ಕೆಳಗೆ ಹೊಳೆ ಬಿದ್ದು ಎದ್ದು ಓಡುವ ಸದ್ದು.
ಸಿರ್ಕಾ ಕಾಫಿ ಬಗ್ಗಿಸಿಕೊಂಡು
ಇವತ್ತಿನ ಅಹವಾಲುಗಳನ್ನು ತೆರೆಯುತ್ತಾಳೆ.

ಅವರ ಬ್ರೌಸರ್ ಈಗ ಬರೀ ಕಿಟಕಿಯಲ್ಲ,
ಕಿಟಕಿಯಲ್ಲಿ ಕೂತ ನೆರೆಯವಳು:
ನಾವು ಓದುವ ಮೊದಲೇ ಓದಿ ಮುಗಿಸಿ
"ಅಷ್ಟುದ್ದ ಏನಿಲ್ಲ, ವಿಷಯ ಇಷ್ಟೇ" ಅನ್ನುವವಳು.

ಬೇಕುಗಳಿಗೆ ಬರವೇ?
ಕಪ್ಪು ಹಿನ್ನೆಲೆ ಇನ್ನಷ್ಟು ಕಪ್ಪಾಗಲಿ:
ಎರಡು ಸಾವಿರದ ಮುನ್ನೂರ ಹದಿನಾರು ಮಂದಿ.
ಟ್ಯಾಬುಗಳು ಅಡ್ಡ ಬೇಡ, ಉದ್ದಕ್ಕೆ ನಿಲ್ಲಲಿ.
ಉದ್ದ ಯಾರು ಕೇಳಿದರು? ಮೊದಲಿನಂತೆ ಅಡ್ಡವೇ ಇರಲಿ.
ಟ್ಬಿಲಿಸಿಯ ವಕೀಲೆ: ನನ್ನ ವಾಕ್ಯ ನಾನೇ ಮುಗಿಸುತ್ತೇನೆ, ದಯವಿಟ್ಟು.
ವಾಲ್ಪರೈಸೊದ ರಾತ್ರಿಪಾಳಿಯ ನರ್ಸ್:
ಕೇಳಿದ್ದಕ್ಕೆಲ್ಲ "ಒಳ್ಳೆಯ ಪ್ರಶ್ನೆ" ಅನ್ನುವುದನ್ನು ಬಿಡಿಸಿ.
ಒಬ್ಬ ಹುಡುಗ: ಹೋಮ್‌ವರ್ಕ್ ಮಾಡಿಕೊಡಲಿ,
ಆದರೆ ನನ್ನಷ್ಟೇ ತಪ್ಪು ಮಾಡಲಿ.
ಒಂದರಲ್ಲಿ ಒಂದೇ ಅಕ್ಷರ ಎಂಬತ್ತು ಸಲ. ಬೆಕ್ಕಿರಬೇಕು.
ಅದಕ್ಕೂ ನಂಬರು ಬಿದ್ದಿದೆ.

ಇವನ್ನೆಲ್ಲ ಮೊದಲು ಯಂತ್ರವೇ ಓದಿ
ಒಂದೊಂದಕ್ಕೂ ಒಂದು ಸಾಲಿನ ಸಾರ ಅಂಟಿಸಿರುತ್ತದೆ.
"ಬಳಕೆದಾರರಿಗೆ ಸ್ವೆಟರ್ ಇಷ್ಟ. ಭಾವ: ಸಮಾಧಾನಕರ."
ಸಿರ್ಕಾಗೆ ಸಮಾಧಾನವಾಗಲಿಲ್ಲ. ಪೂರ್ತಿ ತೆರೆದಳು.

ಕ್ಲಾಕ್ಸ್‌ವಿಕ್‌ನಿಂದ ಹೈನಿ ಎಂಬಾತ,
ಮೀನುಹಡಗಿನ ಇಂಜಿನ್ ಕೋಣೆಯಲ್ಲಿ ಮೂವತ್ತು ವರ್ಷ ಕಳೆದವನು:

"ಮೊಮ್ಮಗಳಿಗೆ ಸ್ವೆಟರ್ ಹೆಣೆಯುತ್ತಿದ್ದೆ. ನಮೂನೆ ಉದ್ದವಿತ್ತು.
ಚಿಕ್ಕದು ಮಾಡಿಕೊಡಲೇ ಅಂದಿತು ನಿಮ್ಮದು.
ಹೂಂ ಅಂದೆ, ತಪ್ಪು ನನ್ನದೂ ಹೌದು.
ಎದೆಭಾಗದಲ್ಲಿ ಹದಿಮೂರನೆಯ ಸಾಲು ಮುಗಿದ ಮೇಲೆ
'ಹೀಗೇ ಮುಂದುವರಿಸಿ' ಎಂದಿತ್ತು. ಮುಂದುವರಿಸಿದೆ.
ಹದಿನಾಲ್ಕರಲ್ಲಿ ಎರಡೂ ಬದಿ ಐದೈದು ಕುಣಿಕೆ ಮುಚ್ಚಿ
ತೋಳಿಗೆ ದಾರಿ ಬಿಡಬೇಕಿತ್ತಂತೆ.
ಈಗ ನನ್ನ ಕೈಲಿರುವುದು ಉಣ್ಣೆಯದೊಂದು ಕೊಳವೆ.
ಬಿರಿತಾ ಅದರೊಳಗೆ ತೂರಿಕೊಂಡು
ಪೆಂಗ್ವಿನ್ ಆಗಿ ಮನೆ ತುಂಬ ನಡೆದಳು.
ನಕ್ಕೆವು. ಅದು ಬೇರೆ ಮಾತು.
ಚಿಕ್ಕದು ಮಾಡಬೇಡಿ ಅನ್ನುವುದಿಲ್ಲ, ನನ್ನ ಕಣ್ಣಿಗೂ ವಯಸ್ಸಾಗಿದೆ.
ಬಿಟ್ಟ ಕಡೆ, ಬಿಟ್ಟಿದ್ದೇವೆ ಅಂತ ಜಾಗ ಬಿಡಿ.
ಒಂದು ಸಾಲಿನಷ್ಟು ಬಿಳಿ. ಅಷ್ಟೇ."

ಸಭೆಯಲ್ಲಿ ಪೆಟ್ಟೇರಿ ಕೇಳಿದ: ಎಷ್ಟು ವೋಟು?
ಒಂದು.
"ಖಾಲಿ ಜಾಗ ಕಂಡರೆ ಕೆಟ್ಟಿದೆ ಅಂದುಕೊಳ್ಳುತ್ತಾರೆ ಜನ,"
ಕಡ್ಡಿ ಮುರಿದಂತೆ ಹೇಳಿ ಅದರ ಮೇಲೆ
"ಮುಂದೆ ನೋಡೋಣ" ಎಂಬ ಚೀಟಿ ಹಚ್ಚಿದ,
ದೆವ್ವಕ್ಕೆಂದು ಬಾಗಿಲ ಮೇಲೆ "ನಾಳೆ ಬಾ" ಬರೆದ ಹಾಗೆ.

ಸಿರ್ಕಾಳ ತಾಯಿ ಇದೇ ಮಹಡಿಯಲ್ಲಿ
ಇಪ್ಪತ್ತು ಮಗ್ಗ ನೋಡಿಕೊಂಡವಳು.
ಒಂದು ಎಳೆ ಕಡಿದರೆ ಸಾಕು,
ತೆಳ್ಳನೆಯ ತಗಡೊಂದು ಟಕ್ಕನೆ ಬಿದ್ದು
ಮಗ್ಗವೇ ನಿಂತುಬಿಡುತ್ತಿತ್ತು.
"ನಿಲ್ಲಲು ಬಾರದ ಮಗ್ಗ
ಗಜಗಟ್ಟಲೆ ಸುಳ್ಳು ನೇಯುತ್ತದೆ ಮಗಳೇ,"
ಒಡೆದ ಬೆರಳಿಗೆ ಮುಲಾಮು ಹಚ್ಚುತ್ತ ಹೇಳುತ್ತಿದ್ದಳು.

ಎಲ್ಲರೂ ಹೋದ ಮೇಲೆ ಸಿರ್ಕಾ
ಸ್ವೆಟರ್ ಇಷ್ಟವೆಂಬ ಆ ಸಾರವನ್ನು ಅಳಿಸಿದಳು.
ಚೌಕದ ಅಂಚು ಕೆಂಪಾಯಿತು:
ಈ ಜಾಗ ಖಾಲಿ ಬಿಡುವಂತಿಲ್ಲ.
ಸ್ಪೇಸ್ ಒತ್ತಿದಳು, ಒಂದೇ ಸಲ.
ಒಪ್ಪಿಕೊಂಡಿತು.
ಆಮೇಲೆ ಉತ್ತರ ಬರೆದಳು:

"ಹೈನಿಯವರೇ, ನಿಮ್ಮ ಮಾತು ತಲುಪಿದೆ.
ಸದ್ಯಕ್ಕೆ ಆಗುವುದಿಲ್ಲವಂತೆ.



ಮೇಲೆ ಜಾಗ ಬಿಟ್ಟವಳು ನಾನು, ಬೇಕೆಂದೇ.
ವೋಟು ಈಗ ಎರಡು.
ಕೊಳವೆ ಬಿಚ್ಚಬೇಡಿ, ಪೆಂಗ್ವಿನ್ನಿಗೆ ಇರಲಿ."

ದೀಪ ಆರಿಸಿ ಕೋಟು ಹಾಕಿಕೊಳ್ಳುವಾಗ
ಎಡಗೈ ತೋಳಿನ ಬಾಯಿ ಸಿಗದೆ
ಅರೆಗಳಿಗೆ ಕತ್ತಲಲ್ಲಿ ತಡಕಾಡಿತು.