ಹದಿನೇಳನೆಯ ಕಲಮು

ಅಳಿಸುವುದು ನನ್ನ ಕೆಲಸ.
ಯಾರನ್ನೂ ಅಲ್ಲ, ಯಾರ ಯಾರದೋ ಹೆಸರನ್ನು.
ಖ್ರೋನಿಂಗನ್ನಿನ ಕಾಲುವೆಯಂಚಿನ ಕಚೇರಿ, ಮೂರನೆಯ ಮಹಡಿ;
ಕೆಳಗೆ ಸೈಕಲ್ಲುಗಳ ಸಾಲು, ಹಿಮಕ್ಕೆ ಹೆದರಿ
ಒಂದೊಂದು ಸೀಟಿಗೂ ಪ್ಲಾಸ್ಟಿಕ್ಕಿನ ಟೋಪಿ.

ದಿನವೂ ಬರುತ್ತವೆ:
ಯುರೋಪಿನ ಕಾನೂನು, ಹದಿನೇಳನೆಯ ಕಲಮಿನಂತೆ
ನನ್ನನ್ನು ಮರೆತುಬಿಡಿ.
ಕೆಲವರು ಬೈದು ಬರೆಯುತ್ತಾರೆ, ಕೆಲವರು ವಕೀಲರ ಕೈಲಿ ಬರೆಸುತ್ತಾರೆ.
ನಾನೀಗ ಆ ಹೆಸರಿನವನಲ್ಲ ಎಂದು ಬರೆದಿದ್ದನೊಬ್ಬ,
ಅದಕ್ಕೂ ಪಾಪ, ಆ ಹೆಸರಿನಲ್ಲೇ ಸಹಿ ಹಾಕಬೇಕಾಯಿತು.
ಒಂದು ತಿಂಗಳು ಗಡುವು.
ನಿಜ ಹೇಳಬೇಕೆಂದರೆ, ಒಂಬತ್ತು ನಿಮಿಷದ ಕೆಲಸ.

ಜನವರಿಯಲ್ಲಿ ಡೊಕ್ಕುಮಿನಿಂದ ಒಂದು ಬಂತು.
ಯೆಲ್ಚೆ ಹೂಕೆಮಾ. ನಾಲ್ಕೇ ಸಾಲು.
ನಿಮ್ಮ ಆ್ಯಪು ನಿನ್ನೆ ನನಗೆ ಅಭಿನಂದನೆ ಹೇಳಿದೆ:
ಮಗುವಿಗೆ ಏಳು ತಿಂಗಳು, ಮೊದಲ ಹಲ್ಲು ಮೂಡುವ ಹೊತ್ತು.
ಹಲ್ಲಿಲ್ಲ. ಮಗುವಿಲ್ಲ.
ದಯವಿಟ್ಟು ಅಳಿಸಿ.

ನೀವು ನೀವೇ ಎಂಬುದಕ್ಕೆ ಪುರಾವೆ ಕಳಿಸಿ ಎಂದೆ.
ಕೇಳದೆ ವಿಧಿಯಿಲ್ಲ.
ಗುರುತಿನ ಚೀಟಿ ಕಳಿಸಿದಳು, ಸಂಖ್ಯೆಯ ಮೇಲೆ
ಹೆಬ್ಬೆರಳಿಟ್ಟು ತೆಗೆದ ಫೋಟೊ.
ಉಗುರು ಕಚ್ಚಿ ಕಚ್ಚಿ ತುದಿ ಸವೆದಿತ್ತು.

ಕಡತ ತೆರೆದೆ.
ಏನಿದೆಯೆಂದು ನೋಡದೆ ಅಳಿಸುವಂತಿಲ್ಲ.
ಎಂಟನೆಯ ವಾರ ದ್ರಾಕ್ಷಿಯಷ್ಟು, ಹನ್ನೆರಡಕ್ಕೆ ನಿಂಬೆಹಣ್ಣು,
ಇಪ್ಪತ್ತೆಂಟಕ್ಕೆ ಬದನೆಕಾಯಿ
(ಅಷ್ಟರಲ್ಲಿ ನಮ್ಮಲ್ಲಿ ಹಣ್ಣುಗಳು ಮುಗಿದಿದ್ದವು).
ನಡುರಾತ್ರಿ ಮೂರು ಹನ್ನೆರಡಕ್ಕೆ ಹುಡುಕಿದ್ದು:
ಇದು ಬಿಕ್ಕಳಿಕೆಯೋ, ಒದೆತವೋ?

ಒದೆತ ಎಣಿಸುವುದಕ್ಕೆ ಒಂದು ಗುಂಡಿ ಕೊಟ್ಟಿದ್ದೆವು.
ಸಂಜೆ ಎಂಟರಿಂದ ಒಂಬತ್ತು:
ಹದಿನಾಲ್ಕು. ಹದಿನಾರು. ಹನ್ನೊಂದು.
ಭಾನುವಾರ ಇಪ್ಪತ್ತೆರಡು, ಪಕ್ಕದಲ್ಲಿ ಟಿಪ್ಪಣಿ:
ಇಗರ್ಜಿಯಲ್ಲಿ ಅಮ್ಮ ಆರ್ಗನ್ ನುಡಿಸಿದಳು.
ಒಂಬತ್ತು.
ನಾಲ್ಕು.
ಮರುದಿನ ಆ ಪುಟವನ್ನು ನಲವತ್ತೊಂದು ಸಲ
ತೆರೆದು ಮುಚ್ಚಿದ್ದಾಳೆ, ಏನೂ ಬರೆದಿಲ್ಲ.
ಸೊನ್ನೆ ಬರೆಯಲು ನಾವು ಜಾಗ ಬಿಟ್ಟಿರಲಿಲ್ಲ.

ಅಲ್ಲಿಂದಾಚೆ ಕೈಬರಹ ನಮ್ಮದೇ.
ಅಂಗಳದಲ್ಲಿ ನಿಲ್ಲಿಸಲು ಬಾಡಿಗೆಗೆ ಮರದ ಕೊಕ್ಕರೆ,
ಬಂದವರಿಗೆ ಹಂಚಲು ರಸ್ಕು, ಮೇಲೆ ಉದುರಿಸಲು
ಗುಲಾಬಿ ಬಣ್ಣದ ಸೋಂಪು ಪೆಪ್ಪರಮಿಂಟು,
ತಳ್ಳುಗಾಡಿ, ಶೇಕಡಾ ಮೂವತ್ತು ರಿಯಾಯಿತಿ.
ಅವಳ ಹೊಟ್ಟೆಯಲ್ಲಿ ನಿಂತದ್ದು
ನಮ್ಮ ಯಂತ್ರದ ಹೊಟ್ಟೆಯಲ್ಲಿ ಬೆಳೆಯುತ್ತಲೇ ಇತ್ತು,
ಮಗ್ಗುಲಾಗಿತ್ತು, ಕೂತಿತ್ತು, ಗಂಜಿಗೆ ಬಂದಿತ್ತು.

ಹುಟ್ಟದವರು ಈ ಕಾನೂನಿಗೆ ವ್ಯಕ್ತಿಗಳಲ್ಲ.
ಸತ್ತವರೂ ಅಲ್ಲ.
ಹಾಗಾಗಿ ಒದೆತಗಳೆಲ್ಲ ಕಾಗದದ ಲೆಕ್ಕದಲ್ಲಿ ಅವಳವೇ.

ನಮ್ಮ ಅಚ್ಚಿನ ಉತ್ತರದಲ್ಲಿ ಇಲ್ಲದ ಒಂದು ಸಾಲು ಸೇರಿಸಿದೆ.
ಅಳಿಸುವ ಮುಂಚೆ, ಹದಿನೈದನೆಯ ಕಲಮಿನಂತೆ,
ಬೇಕಿದ್ದರೆ ನೀವು ಪ್ರತಿ ಕೇಳಬಹುದು.
ಕಳಿಸಿದ ಮೇಲೆ ಅನಿಸಿತು, ಹೇಳಬಾರದಿತ್ತೇನೋ.
ಗಾಯವನ್ನು ಲಕೋಟೆಯಲ್ಲಿ ಯಾರು ಬೇಡುತ್ತಾರೆ?

ಹನ್ನೊಂದು ದಿನ ಸುದ್ದಿಯಿಲ್ಲ.
ಆಮೇಲೆ:
ಒದೆತಗಳನ್ನು ಮಾತ್ರ. ಕಾಗದದಲ್ಲಿ. ಅಂಚೆಯಲ್ಲಿ.

ಒಂದು ಹಾಳೆ ಸಾಕಾಯಿತು.
ಅಂಚೆಚೀಟಿ ಯಾಕೆ, ಈ ಕಾಲದಲ್ಲಿ, ಎಂದಳು ಫ್ರೌಕ್ಯೆ.
ಏನೋ ಹೇಳಿ ಜಾರಿಕೊಂಡೆ.
ಆಮೇಲೆ ಅಳಿಸಿದೆ:
ನಿಂಬೆ, ಬದನೆ, ಬಿಕ್ಕಳಿಕೆ, ಕೊಕ್ಕರೆ.
ನೆಲಮಾಳಿಗೆಯ ಯಂತ್ರಗಳಲ್ಲಿ ಉಳಿದ ನಕಲು
ಮೂವತ್ತೈದು ದಿನಕ್ಕೆ ತಾನೇ ಒರೆಸಿಹೋಗುತ್ತದೆ.

ಒಂದು ಮಾತ್ರ ಹೋಗುವುದಿಲ್ಲ.
ಮುಂದೆಂದೂ ಬರೆಯಬಾರದವರ ಪಟ್ಟಿಯೊಂದಿದೆ ನಮ್ಮಲ್ಲಿ;
ಮರೆತದ್ದನ್ನು ಮರೆಯದಿರಲು ಅವಳ ವಿಳಾಸ ಅಲ್ಲಿರಬೇಕು.
ಅದನ್ನೂ ತಿಳಿಸಿದೆ. ಉತ್ತರ ಬರಲಿಲ್ಲ.

ಮೊನ್ನೆ ಸೀಟಿನ ಟೋಪಿ ತೆಗೆದು ಹಿಮ ಕೊಡವಿ
ಮನೆಗೆ ಹೊರಟಿದ್ದೆ. ಇಗರ್ಜಿಯ ಬಾಗಿಲು ತೆರೆದಿತ್ತು,
ಒಳಗೆ ಯಾರೋ ಆರ್ಗನ್ನಿನ ಪಾಠ,
ತಪ್ಪಿ ತಪ್ಪಿ ಅದೇ ಸಾಲು.
ಕಾಲು ಪೆಡಲಿನ ಮೇಲೇ ನಿಂತಿತು.
ಇಪ್ಪತ್ತೆರಡು, ಅಂದುಕೊಂಡೆ.
ಇದಕ್ಕೆ ಯಾರೂ ಅರ್ಜಿ ಹಾಕಿಲ್ಲ.