ನೆಗಡಿ

ಕಾಡೇಶಗ ನೆಗಡಿ ಬಂದಿತ್ರೀ, ಹೋತು!
ಬನಹಟ್ಟಿ ಓಣಿ ತುಂಬ ಸಕ್ಕರಿ ಹಂಚಿ ಬಂದೆ.
ಹಿತ್ತಲ ಮನಿ ದಾನವ್ವ
ನನ್ನ ಹಣಿ ಮುಟ್ಟಿ ನೋಡಿದಳು,
ಇಕೀಗೇ ಜ್ವರ ಬಂದಾವಂತ.

ಹುಟ್ಟಿದ ವಾರಕ್ಕ ರಟ್ಟಿಗೆ ಹಾಕಿದ ಸೂಜಿ
ಕಂಕುಳಾಗ ಗಂಟಾಗಿ, ಕೀವಾಗಿ
ಎದಿಗೆ ಇಳಿದಿತ್ತು ಇವಗ.
ಎಲ್ಲಾ ಕೂಸಿಗೂ ಕಾಯೋ ಸೂಜಿ.
ಮೈಯಾಗ ಕಾವಲಗಾರರೇ ಹುಟ್ಟಿಲ್ಲ ಅಂದರು.
ಅಪ್ಪನ ಕಡೆಯಿಂದೊಂದು, ಅವ್ವನ ಕಡೆಯಿಂದೊಂದು
ಎರಡೂ ಕೆಟ್ಟ ಜೀನು.
ಇವನಪ್ಪ ನನ್ನ ಸೋದರಮಾವ.
ಮನಿ ಹುಡಿಗಿ ಮನಿಯಾಗ ಉಳೀತು ಅಂತ
ಲಗ್ನದಾಗ ಎಲ್ಲಾರೂ ನಕ್ಕಿದ್ದರು.

ಹತ್ತಿ ಧೂಳ ಆಗಬಾರದಂತ
ನಾಕೂ ಮಗ್ಗ ನಿಲ್ಲಿಸಿದೆವು.
ಬಾಗಲಕ ಪ್ಲಾಸ್ಟಿಕ್ ಪರದೆ,
ಒಳಗ ಅವ, ಹೊರಗ ನಾನು.

ಆಮ್ಯಾಲ ದೂರದ ದವಾಖಾನಿ ಡಾಕ್ಟರಬಾಯಿ
ಹಾಳಿ ಮ್ಯಾಲ ಮುಳ್ಳಿನ ಚೆಂಡು ಬರೆದಳು.
ಇದು ವೈರಸ್. ಹೊಟ್ಟಿ ಬಗದು ಖಾಲಿ ಮಾಡೇವಿ,
ಒಳಗ ನೆಟ್ಟಗಿರೋ ಜೀನು ಇಟ್ಟೇವಿ.
ಕನ್ನ ಹಾಕೋದು ಮರತಿಲ್ಲ ಇದು,
ಕದಿಯೋದು ಮರತೈತಿ.
ಯಾವ ವೈರಸ್ ಅಂತ ಸುಮ್ಮನ ಕೇಳಿದೆ.
ಎಚ್‌ಐವಿಯಿಂದ ಮಾಡಿದ್ದು.
ಆ ರೋಗ ಬರೂದಿಲ್ಲ, ಹೆದರಬ್ಯಾಡ್ರಿ.

ಹೆದರಲಿಲ್ಲ.
ನಮ್ಮಣ್ಣ ಮಾನಿಂಗ ನೆನಪಾದ.
ಬ್ಯಾಂಡಿನಾಗ ಕಾರ್ನೆಟ್ ಊದಾಂವ,
ಜಮಖಂಡಿ ತನಕ ಮದುಮಗನ ಮುಂದ ನಡೆದಾಂವ,
ಕಡಿಗೆ ದೀಪ ಆರಸೂವಷ್ಟೂ ಉಸಿರಿಲ್ಲದ
ಕೊಟಗಿಯಾಗ ಮಲಗಿದ್ದ.
ಅವ್ವ ಕೋಲಿಲೆ ತಾಟು ನೂಕತಿದ್ದಳು.
ನಾನೂ.
ಹೊರಾಕ ನಾಕ ಮಂದಿ ಬರಲಿಲ್ಲ,
ಕೈಗಾಡಿ ಬಾಡಿಗಿ ತಂದೆವು.

ಅವನ ಮುಟ್ಟಲಿಲ್ಲ, ಅವನದು ನಮಗ ಹತ್ತೀತಂತ.
ಇವನ ಮುಟ್ಟಲಿಲ್ಲ, ನಮ್ಮದು ಇವಗ ಹತ್ತೀತಂತ.
ಕೈ ಅವೇ ಎರಡು.

ಸೊಂಟದ ಎಲುಬಿನಿಂದ ಮಜ್ಜೆ ತಗದರು.
ಗಡಿಗಿ ತಿಕ್ಕಿ ತೊಳದಂಗ ಔಷಧ ಹಾಕಿದರು,
ಇಷ್ಟಿಷ್ಟ ಕೂದಲ, ಅವೂ ಉದುರಿದವು.
ಕಡಿಗೆ ಒಂದು ಸಣ್ಣ ಚೀಲದಾಗ ಮರಳಿ ಬಂತು
ಹೆಪ್ಪಿನಷ್ಟು.
ಇಪ್ಪತ್ತ ನಿಮಿಷ ಇಳೀತು. ಆತು ಅಂದರು.
ಇನ್ನೇನೋ ಐತಿ ಅಂತ ನಾನು ಕುಂತೇ ಇದ್ದೆ.
ಹೆಪ್ಪು ಹಾಕಿದ ಗಡಿಗಿ ಅಲುಗಾಡಿಸಬಾರದಲ್ಲ,
ತಿಂಗಳಾನುಗಟ್ಟಲೆ ಹಂಗ ಕುಂತೆ.

ಹದಿನೈದು ವರ್ಷ ರಕ್ತ ತೋರಸ್ತಾ ಇರ್ರಿ ಅಂದಾರ.
ಮುಂದಿಂದು ಅವರಿಗೂ ಪೂರಾ ಗೊತ್ತಿಲ್ಲ,
ಗೊತ್ತಿಲ್ಲ ಅಂತನೇ ಹೇಳಿದರು.
ಎರಡು ಮಗ್ಗ ಸುರು ಮಾಡೇವಿ.

ಇವತ್ತ ಟ್ರಂಕಿನಿಂದ ಕಾರ್ನೆಟ್ ತಗದು
ಹುಣಸಿಹಣ್ಣು ಹಚ್ಚಿ ತಿಕ್ಕಿದೆ.
ಹಸರ ಬಿಡಲಿಲ್ಲ, ಅಂಚಿನಾಗ ಉಳೀತು.
ಓಡಿ ಬಂದು ಕಸಗೊಂಡು ಬಾಯಿಗಿಟ್ಟ.
ಬ್ಯಾಡ ಅನ್ನಾಕ ಹೋದೆ,
ಅನ್ನಲಿಲ್ಲ.

ಗ್ವಾಡಿ ಆಚೆಯಿಂದ ದಾನವ್ವ ಒದರಿದಳು,
ಏನಬೇ, ನಿಮ್ಮ ಎಮ್ಮಿ ಈದೈತೇನ?