ಬಿದ್ದವರ ಹೆಸರು

ನಾಪೋಕ್ಲಿನ ಪಲ್ಪರ್ ಮನೆ, ಜನವರಿ.
ತೂಬು ತೆಗೆದ ತೊಟ್ಟಿಯಲ್ಲಿ ಕಾಫಿ ಸಿಪ್ಪೆ
ಸುತ್ತಿ ಸುತ್ತಿ ನಡುವಿನ ತೂತಿಗಿಳಿಯುವುದನ್ನು
ಉತ್ತಯ್ಯ ಮೇಷ್ಟ್ರು ಟಾರ್ಚು ಹಿಡಿದು ತೋರಿಸಿದರು:
'ಗುರು ಹುಟ್ಟಿದಾಗಲೂ ಹೀಗೇ.
ಸೊಂಟದ ಸುತ್ತ ಧೂಳು, ಹಿಮ, ಅನಿಲದ ತಿರುಗಣಿ.
ಕಣಕ್ಕೆ ಕಣ ಅಂಟಿ ಒಬ್ಬ ಚಂದ್ರ;
ಬೆಳೆದಂತೆಲ್ಲ ಅನಿಲ ಎಳೆದು, ಒಳಸರಿದು,
ಗುರುವಿನ ಹೊಟ್ಟೆಗೇ ಹೋದ.
ಮತ್ತೊಬ್ಬ. ಮತ್ತೂ ಒಬ್ಬ.
ಅನಿಲ ತೀರಿದಾಗ ಉಳಿದವರು ಈ ನಾಲ್ವರು,
ಹಾಗಂತ ಒಂದು ಲೆಕ್ಕ.'

ಕಣದಲ್ಲಿ ದುರ್ಬೀನು. ಸಾಲಾಗಿ ನಾವು,
ಕೈಯಲ್ಲಿ ಇನ್ನೂ ಹುಳಿತ ಲೋಳೆಯ ವಾಸನೆ.
ಚೋಮಿ ಬಗ್ಗಿದವಳು ಏಳಲೇ ಇಲ್ಲ,
ಹಿಂದಿದ್ದವರು ಗೊಣಗಿದರೂ.

'ಬಿದ್ದವರಿಗೆ ಹೆಸರಿತ್ತಾ?'

ಮೇಷ್ಟ್ರು ಕನ್ನಡಕ ಒರೆಸಿದರು.
'ಇಡುವುದಕ್ಕೆ ಆಗ ಯಾರಿದ್ದರು?'

'ನಮ್ಮವ್ವ ಇಟ್ಟಿದ್ದಳು,
ನನಗಿಂತ ಮುಂಚಿನ ಮೂವರಿಗೂ.'

ಅಷ್ಟರಲ್ಲಿ ಗುರು ಗಾಜಿನಿಂದ ಜಾರಿದ್ದ.
ಮೇಷ್ಟ್ರು ಕೊಳವೆಯನ್ನು ಕೂದಲೆಳೆಯಷ್ಟು ತಿರುಗಿಸಿದರು,
ನನ್ನ ಸರದಿ ಬಂತು.
ಒಂದೇ ಗೆರೆಯಲ್ಲಿ ಚುಕ್ಕೆಗಳು: ಮೂರೇ.
'ಒಬ್ಬ ಹಿಂದೆ ಮರೆಯಾಗಿದ್ದಾನೆ, ಬರ್ತಾನೆ.'

ನಾಳೆ ಕೊಯ್ಲಿದೆ, ಮಲಗಿ ಎಂದು
ರೈಟರು ಲೈನಿನ ಕಡೆಯಿಂದ ಕೂಗುವವರೆಗೂ
ಒಂದು ಕಣ್ಣು ಮುಚ್ಚಿಕೊಂಡು
ಕಾದೆ.